ತೊಳೆಯುವ ಮುನ್ನ ನೋಡುವ ಧರ್ಮ

ಚಾತುರ್ಮಾಸ ಆರಂಭವಾಯಿತೆಂದರೆ ಸುಲ್ತಾನ್‌ಪೇಟೆ, ಚಿಕ್ಕಪೇಟೆ, ಮಾಮೂಲ್‌ಪೇಟೆಗಳ ಜೈನ ಮನೆಗಳಲ್ಲಿ ಅಡುಗೆಮನೆಯ ಲೆಕ್ಕಾಚಾರವೇ ಬದಲಾಗುತ್ತದೆ. ಹಲವು ಮನೆಗಳಿಗೆ ಸೊಪ್ಪು ಬರುವುದು ನಿಂತುಹೋಗುತ್ತದೆ. ಹೂಕೋಸು, ಎಲೆಕೋಸುಗಳ ಹೆಸರನ್ನೂ ಯಾರೂ ಎತ್ತುವುದಿಲ್ಲ. ರಾಜಸ್ಥಾನ, ಗುಜರಾತ್ ಮೂಲದ ಶ್ವೇತಾಂಬರ ಕುಟುಂಬಗಳಿರಲಿ, ಕನ್ನಡ ನಾಡಿನವೇ ಆದ ದಿಗಂಬರ ಕುಟುಂಬಗಳಿರಲಿ, ನಿಯಮದ ವಿವರಗಳಲ್ಲಿ ವ್ಯತ್ಯಾಸವಿದ್ದರೂ ಕಾರಣ ಒಂದೇ. ಮಳೆಗಾಲದಲ್ಲಿ ಎಲೆಯ ಮಡಿಕೆಗಳಲ್ಲಿ, ಹೂವಿನ ಸಂದುಗಳಲ್ಲಿ ಜೀವೋತ್ಪತ್ತಿ ಹೆಚ್ಚು. ಇದನ್ನು ಕಂಡ ನೆರೆಮನೆಯವರು ಸಹಜವಾಗಿಯೇ ಕೇಳುವ ಮಾತೊಂದುಂಟು: ಕೆ.ಆರ್. ಮಾರುಕಟ್ಟೆ ಕೂಗಳತೆಯಲ್ಲೇ ಇದೆ, ತಾಜಾ ಸೊಪ್ಪು ಬೆಳಗಿನ ಜಾವಕ್ಕೇ ಬಂದು ಬೀಳುತ್ತದೆ, ಚೆನ್ನಾಗಿ ತೊಳೆದರೆ ಆಯಿತಲ್ಲ?

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಲೋಕಕ್ಕೆ ತೊಳೆಯುವುದು ಶಂಕೆಯ ಕೊನೆ. ನೀರು ಹರಿಯಿತು, ಕೊಳೆ ಹೋಯಿತು, ಪದಾರ್ಥ ಶುದ್ಧವಾಯಿತು. ಜಿನಧರ್ಮದ ದೃಷ್ಟಿಯಲ್ಲಿ ಶಂಕೆ ಅಲ್ಲಿಂದಲೇ ಮೊದಲಾಗುತ್ತದೆ. ಯಾರಿಗಾಗಿ ತೊಳೆಯುವುದು? ತಿನ್ನುವವನ ಹೊಟ್ಟೆಗಾಗಿಯೋ, ಎಲೆಯ ಮೇಲೆ ಕುಳಿತಿರುವ ಪ್ರಾಣಿಗಾಗಿಯೋ?

ತಿನ್ನುವವನಿಗಾಗಿ ತೊಳೆಯಬೇಕೆಂಬುದರಲ್ಲಿ ವಿವಾದವಿಲ್ಲ. ಟೈಫಾಯ್ಡ್, ಕಾಮಾಲೆ, ಹೊಟ್ಟೆಹುಳುಗಳ ಬಾಧೆ ಹಸಿಯಾಗಿ ತಿನ್ನುವ ಪದಾರ್ಥಗಳಿಂದ ಹರಡುವುದು ವೈದ್ಯರು ನಿತ್ಯ ಕಾಣುವ ಸಂಗತಿ. ಶರೀರವು ಧರ್ಮಸಾಧನೆಗೆ ಉಪಕರಣವಾದುದರಿಂದ ಅದನ್ನು ರೋಗಕ್ಕೆ ಒಡ್ಡುವುದು ತಪಸ್ಸೇನೂ ಅಲ್ಲ. ಆದರೆ ತೊಳೆಯುವ ಕ್ರಿಯೆಗೆ ಪಾವಿತ್ರ್ಯದ ಪಟ್ಟ ಕಟ್ಟುವ ಮುನ್ನ ಆ ಬೋಗುಣಿಯೊಳಗೆ ಏನೇನಿದೆಯೆಂದು ಒಮ್ಮೆ ನೋಡಬೇಕು. ಜೈನ ಜೀವವಿಚಾರದಂತೆ ನೀರೇ ಜೀವಗಳ ಕಾಯ. ಅಪ್ಕಾಯಿಕ ಜೀವಗಳು ಅದರಲ್ಲಿ ಅಸಂಖ್ಯ. ಹಸಿಯಾದ ಸೊಪ್ಪು ವನಸ್ಪತಿಕಾಯ. ಇವೆರಡೂ ಏಕೇಂದ್ರಿಯ ಸ್ಥಾವರಗಳು. ಅದರ ಮೇಲೆ ಹರಿದಾಡುವ ಹುಳು, ಇರುವೆ, ನುಸಿಗಳು ಎರಡು, ಮೂರು, ನಾಲ್ಕು ಇಂದ್ರಿಯಗಳ ತ್ರಸ ಜೀವಗಳು. ಅಂದರೆ ಒಂದು ಹಿಡಿ ದಂಟಿನ ಸೊಪ್ಪನ್ನು ನೀರಿಗೆ ಹಾಕಿದಾಗ ನಡೆಯುವುದು ಮೂರು ಬಗೆಯ ಜೀವರಾಶಿಗಳ ಘರ್ಷಣೆ. ಗೃಹಸ್ಥನಿಗೆ ಇದು ಅನಿವಾರ್ಯವಾದ ಆರಂಭ. ಅನಿವಾರ್ಯವೆಂಬ ಮಾತ್ರಕ್ಕೆ ಅದು ಪುಣ್ಯಕಾರ್ಯವಾಗುವುದಿಲ್ಲ.

ಈ ಮಾತಿಗೆ ಪ್ರಮಾಣ ಬೇಕಾದರೆ ಮುನಿಗಳತ್ತ ನೋಡಿದರೆ ಸಾಕು. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಯಾವ ಪರಂಪರೆಯಲ್ಲಿ ಅತ್ಯಂತ ಪೂಜ್ಯನಾದವನು ಸ್ನಾನವನ್ನೇ ಮಾಡುವುದಿಲ್ಲವೋ ಆ ಪರಂಪರೆಯಲ್ಲಿ ನೀರಿಗೆ ತಾನಾಗಿ ಪವಿತ್ರಗೊಳಿಸುವ ಶಕ್ತಿಯಿದೆಯೆಂದು ಹೇಳಲು ಬಾರದು. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚವೆಂದು ಆರಾಧಿಸುವುದು ಲೋಭದ ನಿವೃತ್ತಿಯನ್ನು. ಅದಕ್ಕೂ ನಲ್ಲಿಗೂ ಸಂಬಂಧವಿಲ್ಲ. ಹಾಗಾದರೆ ಶ್ರಾವಕನು ಹಣ್ಣುತರಕಾರಿಗಳನ್ನು ತೊಳೆಯುವುದರಲ್ಲಿ ಧರ್ಮದ ಅಂಶ ಯಾವುದು? ಅದು ನೀರಿನಲ್ಲಿಲ್ಲ, ಯತನೆಯಲ್ಲಿದೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ಬಿಡುವುದಿಲ್ಲ. ಪ್ರಮಾದವನ್ನು ಅದರ ಮೂಲದಲ್ಲಿ ಇರಿಸುತ್ತದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕಲಕಿ ಚೆಲ್ಲುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಇವೆಲ್ಲ ಅದರೊಳಗೆ ಬರುತ್ತವೆ. ಒಂದು ಸೌತೆಕಾಯಿಗೆ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ದೂರವಾಣಿಯಲ್ಲಿ ಮಾತಿಗೆ ನಿಲ್ಲುವ ಇಂದಿನ ರೂಢಿ ಈ ಲಕ್ಷಣಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಹಳೆಯ ಮನೆಗಳ ಕ್ರಮ ಬೇರೆಯಾಗಿತ್ತು; ಈಗಲೂ ಕೆಲವೆಡೆ ಉಳಿದಿದೆ. ಮೊದಲು ನೋಟ. ಸೊಪ್ಪಿನ ಕಟ್ಟನ್ನು ಬೆಳಕಿರುವ ಜಾಗದಲ್ಲಿ ಬಿಚ್ಚಿ, ಎಲೆಯ ಎರಡೂ ಮಗ್ಗುಲನ್ನು ತಿರುವಿ ನೋಡಿ, ಹುಳುವಿದ್ದ ಎಲೆಯನ್ನು ಹುಳುವಿನ ಸಮೇತ ಹಿತ್ತಿಲ ಗಿಡದ ಬುಡಕ್ಕೆ ಬಿಡುವುದು. ರಾತ್ರಿಯಲ್ಲಿ ಸೊಪ್ಪು ಬಿಡಿಸಬಾರದೆಂದು ಹಿರಿಯರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಮಂದ ಬೆಳಕಿನಲ್ಲಿ ಹಸಿರು ಎಲೆಯ ಮೇಲಿನ ಹಸಿರು ಹುಳು ಕಾಣುವುದಿಲ್ಲ. ಅನಂತರ ನೀರು, ಅದೂ ಸೋಸಿದ್ದು. ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕೆಂಬುದು ರೂಢಿಯ ಅಳತೆ. ಹಾಗೆ ಸೋಸಿದ ನೀರಿಗೂ ಅವಧಿಯುಂಟು: ಒಂದು ಮುಹೂರ್ತ, ಎಂದರೆ 48 ನಿಮಿಷ. ಅಗಲವಾದ ಪಾತ್ರೆಯಲ್ಲಿ ಸ್ವಲ್ಪವೇ ನೀರಿಟ್ಟು, ಸೊಪ್ಪನ್ನು ಹಿಚುಕದೆ ಅದ್ದಿ ತೆಗೆಯುವುದು. ಸೋಸಿದಾಗ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು, ಅದೇ ಬಟ್ಟೆಯನ್ನು ಮಗುಚಿ ಸೋಸಿದ ನೀರನ್ನೇ ಮೇಲಿನಿಂದ ಹೊಯ್ದು, ನೀರು ಎಲ್ಲಿಂದ ಬಂದಿತೋ ಅದೇ ಬಾವಿಗೆ ಮರಳಿಸುವುದು. ಬಿಂದಿಗೆಯನ್ನು ಮೇಲಿನಿಂದ ಸುರಿದರೆ ಬಿದ್ದ ರಭಸಕ್ಕೇ ಅವು ಸಾಯಬಹುದೆಂದು, ಬಾವಿಯ ನೀರಿನ ಮಟ್ಟಕ್ಕೆ ಇಳಿಸಿ ಮಗುಚುವ ಕೊಕ್ಕೆಯ ಪಾತ್ರೆಯನ್ನೂ ಬಳಸುತ್ತಿದ್ದರು. ಕಣ್ಣಿಗೆ ಕಾಣದ ಜೀವಿಯೊಂದು ಎತ್ತರದಿಂದ ಬಿದ್ದರೆ ನೋವಾದೀತೆಂದು ಯೋಚಿಸಿದ ಮನಸ್ಸು ಅದು.

ಈಗ ಅಡುಗೆಯ ಪುಸ್ತಕಗಳೂ ಮೊಬೈಲಿನ ವಿಡಿಯೊಗಳೂ ಕಲಿಸುವ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೂಕೋಸನ್ನು ಬಿಸಿನೀರಿಗೆ ಉಪ್ಪು, ಅರಿಸಿನ ಹಾಕಿ ಹತ್ತು ನಿಮಿಷ ಮುಳುಗಿಸಿಡಿ, ಹುಳುಗಳೆಲ್ಲ ಬಿಟ್ಟುಕೊಳ್ಳುತ್ತವೆ ಎನ್ನುತ್ತಾರೆ. ಹುಳು ಬಿಟ್ಟುಕೊಳ್ಳುವುದಿಲ್ಲ. ಬೆಂದು ಸತ್ತು ತೇಲುತ್ತದೆ. ಭಾಷೆಯು ಇಲ್ಲಿ ಎಷ್ಟು ಜಾಣತನದಿಂದ ಕೊಲೆಯನ್ನು ಮುಚ್ಚುತ್ತದೆ! ಆ ನೀರನ್ನು ಸಿಂಕಿಗೆ ಚೆಲ್ಲಿ, ಹೂಕೋಸು ಶುದ್ಧವಾಯಿತೆಂದು ಪಲ್ಯಕ್ಕೆ ಹಾಕಿದರೆ, ತಿನ್ನುವವನ ತಟ್ಟೆಯಲ್ಲಿ ಹುಳು ಇರಲಿಕ್ಕಿಲ್ಲ. ಲೆಕ್ಕದಲ್ಲಿ ಇದ್ದೇ ಇರುತ್ತದೆ. ನೆರೆಮನೆಯವರ ಪ್ರಶ್ನೆಗೆ ಉತ್ತರ ಇದೇ. ಮಳೆಗಾಲದ ಹೂಕೋಸನ್ನು ಕೊಲ್ಲದೆ ತೊಳೆಯುವುದು ಸಾಧ್ಯವಿಲ್ಲವೆಂಬುದನ್ನು ಅರಿತೇ ಹಿರಿಯರು ಅದನ್ನು ಮನೆಗೆ ತರುವುದನ್ನೇ ಬಿಟ್ಟರು. ತೊಳೆಯುವುದಕ್ಕೆ ಮಿತಿಯಿದೆ, ಮಿತಿ ಬಂದಲ್ಲಿ ತ್ಯಾಗ ಮೊದಲಾಗುತ್ತದೆ.

ಅತ್ತಿ, ಆಲ, ಅರಳಿ, ಬಸರಿ ಮೊದಲಾದ ಪಂಚೋದುಂಬರ ಫಲಗಳ ನಿಷೇಧದ ಹಿಂದೆಯೂ ಇದೇ ತರ್ಕ. ಹೊರಗೆ ಅಂದವಾಗಿ, ಒಳಗೆ ಹುಳುವಾಗಿರುವ ಅತ್ತಿಯ ಹಣ್ಣು ಕನ್ನಡದಲ್ಲಿ ಕಪಟಕ್ಕೆ ಹಳೆಯ ಉಪಮೆ. ಈ ಕುಲದ ಮರಗಳಲ್ಲಿ ಸಣ್ಣ ಕಣಜಗಳು ಕಾಯಿಯ ಒಳಹೊಕ್ಕು ಪರಾಗಸ್ಪರ್ಶ ನಡೆಸಿ ಅಲ್ಲಿಯೇ ಮೊಟ್ಟೆಯಿಟ್ಟು ಸಾಯುತ್ತವೆಯೆಂದು ಸಸ್ಯಶಾಸ್ತ್ರವು ತಿಳಿಸುತ್ತದೆ. ಹಣ್ಣಿನ ಹೊರಮೈಯನ್ನು ಎಷ್ಟು ತೊಳೆದರೇನು?

ಇಲ್ಲಿಯವರೆಗಿನ ವಿಚಾರದಲ್ಲಿ ಹುಳುವಿರುವ ತರಕಾರಿಯ ಮಾತಾಯಿತು. ಇಂದಿನ ನಿಜವಾದ ಧರ್ಮಸಂಕಟವಿರುವುದು ಹುಳುವಿಲ್ಲದ ತರಕಾರಿಯಲ್ಲಿ. ಮಾರುಕಟ್ಟೆಯಲ್ಲಿ ಈಗ ಹಾಲಿನಂತೆ ಬಿಳುಪಾದ, ಒಂದು ತೂತೂ ಇಲ್ಲದ ಹೂಕೋಸು ಸಿಗುತ್ತದೆ. ಎಲೆಗಳಲ್ಲಿ ಕಚ್ಚಿದ ಗುರುತಿಲ್ಲ. ಇದನ್ನು ಕಂಡು ಶ್ರಾವಕರಲ್ಲಿಯೇ ಕೆಲವರು, ಈಗ ಜೀವಗಳೇ ಇಲ್ಲವಲ್ಲ, ದೋಷವೇನು ಎನ್ನುತ್ತಾರೆ. ಮಾತು ಯುಕ್ತವೆಂದು ತೋರುತ್ತದೆ. ಆದರೆ ಆ ಜೀವಗಳು ಎಲ್ಲಿಗೆ ಹೋದವು? ಹೊಲದಲ್ಲಿಯೇ ಅವುಗಳ ಸಂಹಾರವಾಗಿದೆ. ಅಡುಗೆಮನೆಯಲ್ಲಿ ಒಂದು ಹುಳುವನ್ನು ಉಳಿಸಲು ಹತ್ತು ನಿಮಿಷ ವ್ಯಯಿಸುವ ಕೈ, ಮಾರುಕಟ್ಟೆಯಲ್ಲಿ ಸಾವಿರ ಹುಳುಗಳ ಸಾವಿನ ಫಲವನ್ನು ಅಂದಚೆಂದ ನೋಡಿ ಆರಿಸಿಕೊಳ್ಳುತ್ತದೆ. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ದ್ವಾರಗಳನ್ನು ಹೇಳಿದ ಧರ್ಮದಲ್ಲಿ, ತಾನು ಸಿಂಪಡಿಸಲಿಲ್ಲವೆಂಬ ಸಮಾಧಾನ ಮೊದಲನೆಯ ದ್ವಾರವನ್ನಷ್ಟೇ ಮುಚ್ಚುತ್ತದೆ. ತೂತಿಲ್ಲದ ಎಲೆಯನ್ನೇ ಬೇಡುವ ಕೊಳ್ಳುಗನ ಕಣ್ಣು ರೈತನ ಕೈಗೆ ಪಂಪನ್ನು ಕೊಡುತ್ತಿರುವಾಗ, ಎರಡನೆಯದೂ ಮೂರನೆಯದೂ ತೆರೆದೇ ಇರುತ್ತವೆ.

ಹೀಗೆ ಬಂದ ವಿಷವು ತೊಳೆದರೆ ಹೋಗುವುದೇ? ಭಾಗಶಃ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರವು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ನಲ್ಲಿನೀರಿನಲ್ಲಿ ತೊಳೆದಾಗ ಪರೀಕ್ಷಿಸಿದ 12 ಕೀಟನಾಶಕಗಳ ಪೈಕಿ 9ರ ಅಂಶ ಕಡಿಮೆಯಾಯಿತು. ಉಳಿದ ಮೂರು ಜಗ್ಗಲಿಲ್ಲ. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇಬಿನ ಮೇಲೆ ಅಡುಗೆ ಸೋಡಾದ ನೀರನ್ನು ಪ್ರಯೋಗಿಸಿದರು. ಹದಿನೈದು ನಿಮಿಷಗಳೊಳಗೆ ಮೇಲ್ಮೈಯ ಶೇಷ ಹೋಯಿತು. ಆದರೆ ಅವರು ಬಳಸಿದ್ದ ಒಂದು ಶಿಲೀಂಧ್ರನಾಶಕದ ಐದನೆಯ ಒಂದು ಭಾಗದಷ್ಟು ಅಷ್ಟರಲ್ಲಾಗಲೇ ಸಿಪ್ಪೆಯ ಮೂಲಕ ಒಳಗಿಳಿದಿತ್ತು. ಬೇರಿನಿಂದ ಹೀರಲ್ಪಟ್ಟು ಗಿಡದ ರಸದಲ್ಲಿಯೇ ಹರಡುವ ವಿಷಗಳಿಗಂತೂ ತೊಳೆಯುವಿಕೆ ಉಪಾಯವೇ ಅಲ್ಲ. ಭಯದಿಂದ ಸಾಬೂನು ಬಳಸುವವರೂ ಇದ್ದಾರೆ. ಅದು ಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಪ್ರಸಂಗವಶಾತ್ ಇನ್ನೊಂದು ಮಾತು: ಬೆಂಗಳೂರು ನೀಲಿ ದ್ರಾಕ್ಷಿಯ ಮೇಲೆ ಕಾಣುವ ಬೂದಿಯಂಥ ಬಿಳುಪೆಲ್ಲ ವಿಷವೆಂದು ಉಜ್ಜಿ ಉಜ್ಜಿ ತೊಳೆಯುವವರುಂಟು. ಹಣ್ಣು ತಾನಾಗಿಯೇ ತಳೆಯುವ ಮೇಣದ ಪೊರೆಯೂ ಹಾಗೆಯೇ ಕಾಣುತ್ತದೆ. ಬರಿಗಣ್ಣಿಗೆ ವಿಷ ಕಾಣುವುದಿಲ್ಲ.

ಕೀಟವೊಂದನ್ನು ಕೊಲ್ಲಲು ಹೊರಟ ವಿಷ ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ದೂರದ ಉದಾಹರಣೆ ಬೇಡ. ಕಾಸರಗೋಡಿನ ಗೇರು ತೋಟಗಳಲ್ಲಿ ಟೀ ಸೊಳ್ಳೆಯೆಂಬ ಪುಟ್ಟ ಕೀಟವನ್ನು ನಿವಾರಿಸಲು ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಅಲ್ಲಿನ ಕನ್ನಡ ಮಾತನಾಡುವ ಹಳ್ಳಿಗಳಲ್ಲಿ ಮಕ್ಕಳು ಅಂಗವೈಕಲ್ಯದಿಂದ, ನರರೋಗಗಳಿಂದ ನರಳಿದರು. ಕೃಷಿ ಪತ್ರಕರ್ತ ಶ್ರೀ ಪಡ್ರೆ ಅದೇ ನೆಲದವರು. ಈ ಬಗ್ಗೆ ಮೊದಲು ಬರೆದು ಎಚ್ಚರಿಸಿದವರಲ್ಲಿ ಒಬ್ಬರು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಲೂ ಅದೇ ಕಥೆ. ಧರ್ಮಸ್ಥಳ, ವೇಣೂರುಗಳಲ್ಲಿ ಬಾಹುಬಲಿಯ ಮೂರ್ತಿಗಳು ನಿಂತಿರುವ ತಾಲ್ಲೂಕು ಅದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ರಾಸಾಯನಿಕವನ್ನು ನಿಷೇಧಿಸಿತು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳೆಲ್ಲ ಒಂದಕ್ಕೊಂದು ಉಪಕಾರದಿಂದ ಬಂಧಿತವೆಂಬ ತತ್ತ್ವವನ್ನು ಕಾಸರಗೋಡು ವಿಪರೀತ ರೀತಿಯಲ್ಲಿ ಸಾಧಿಸಿ ತೋರಿಸಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಗಳಲ್ಲಿ ದಿಗಂಬರ ಜೈನರು ಬಹುಸಂಖ್ಯೆಯಲ್ಲಿ ಒಕ್ಕಲುತನದವರು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ಸಂಪೂರ್ಣ ತ್ಯಾಗವನ್ನೂ ಉಳಿದವುಗಳಲ್ಲಿ ಮಿತಿಯನ್ನೂ ಹೇಳಲಾಗಿದೆ. ನೇಗಿಲ ಮೊನೆಗೆ ಸಿಕ್ಕು ಸಾಯುವ ಹುಳುವಿನ ಲೆಕ್ಕ ಉದ್ಯೋಗೀ ಹಿಂಸೆಗೆ ಸೇರುತ್ತದೆ. ಔಷಧ ಹೊಡೆಯುವುದೂ ಅದಕ್ಕೇ ಸೇರುವುದಿಲ್ಲವೇ, ಅಥವಾ ಬೆಳೆಯ ರಕ್ಷಣೆಯಾದುದರಿಂದ ವಿರೋಧೀ ಹಿಂಸೆಯಾಗುವುದಿಲ್ಲವೇ ಎಂದು ಕೇಳಬಹುದು. ಸಾಲ ಮಾಡಿ ಬೆಳೆ ಇಟ್ಟ ರೈತನ ಬಾಯಲ್ಲಿ ಈ ಪ್ರಶ್ನೆ ವಾದಕ್ಕಾಗಿ ಬಂದದ್ದಲ್ಲ. ಆದರೂ ನೇಗಿಲಿಗೂ ಪಂಪಿಗೂ ಇರುವ ಅಂತರವನ್ನು ಅಳಿಸಲಾಗದು. ನೇಗಿಲ ಉದ್ದೇಶ ನೆಲವನ್ನು ಸಡಿಲಿಸುವುದು. ಪಂಪಿನ ಉದ್ದೇಶವೇ ಕೊಲ್ಲುವುದು. ಕೀಟ ಕಾಣುವ ಮೊದಲೇ ವಾರಕ್ಕೊಮ್ಮೆ ಹೊಡೆಯುವಾಗ ಎದುರಿಸಬೇಕಾದ ವಿರೋಧಿಯೂ ಅಲ್ಲಿರುವುದಿಲ್ಲ. ಪೇಟೆಯ ವರ್ತಕರಿಗೂ ಇದರಲ್ಲಿ ಪಾಲಿದೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳೆಂಬ ವೃತ್ತಿಗಳ ಪಟ್ಟಿಯಲ್ಲಿ ವಿಷವಾಣಿಜ್ಯ ಸ್ಪಷ್ಟವಾಗಿಯೇ ಇದೆ. ವಿಷದ ವಿದ್ಯೆ ಕನ್ನಡ ಜೈನರಿಗೆ ಹೊಸದೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನೇ ಬರೆದಿದ್ದಾನೆ. ಅವನು ಬರೆದದ್ದು ವಿಷವನ್ನು ಇಳಿಸುವ ವೈದ್ಯವನ್ನು. ಇಂದು ರೈತರ ಆಡುಮಾತಿನಲ್ಲಿ ಕೊಲ್ಲುವ ವಿಷಕ್ಕೇ ಔಷಧವೆಂಬ ಹೆಸರು ಬಂದಿದೆ.

ವಿಷವಿಲ್ಲದ ಕೃಷಿಯಲ್ಲಿಯೂ ಹಿಂಸೆ ಇದ್ದೇ ಇದೆ. ಬೇವಿನ ಕಷಾಯವೂ ಹುಳುವನ್ನು ಉಳಿಸುವುದಿಲ್ಲ. ಪೂರ್ಣ ಅಹಿಂಸಕವಾದ ತುತ್ತು ಗೃಹಸ್ಥನಿಗೆ ದೊರೆಯಲಾರದು. ಅಣುವ್ರತವೆಂಬ ಹೆಸರೇ ಅದನ್ನು ಒಪ್ಪಿಕೊಂಡಿದೆ. ಹಾಗೆಂದು ಹೆಚ್ಚುಕಡಿಮೆಯ ವಿವೇಕವನ್ನೇ ಬಿಟ್ಟರೆ ಅಣುವೂ ಉಳಿಯುವುದಿಲ್ಲ. ಎಲೆಯಲ್ಲಿ ನಾಲ್ಕು ತೂತುಗಳಿರುವ ಸೊಪ್ಪಿನ ಕಟ್ಟನ್ನು ಬೇಡವೆನ್ನದೆ ಕೊಂಡು, ಮನೆಯಲ್ಲಿ ಅರ್ಧ ಗಂಟೆ ಕುಳಿತು ನೋಡಿ ಬಿಡಿಸುವ ಗೃಹಿಣಿಯ ಶ್ರಮ, ತೂತಿಲ್ಲದ ಕಟ್ಟನ್ನು ಕೊಂಡು ಎರಡು ನಿಮಿಷದಲ್ಲಿ ತೊಳೆಯುವ ಸೌಕರ್ಯಕ್ಕಿಂತ ವ್ರತಕ್ಕೆ ಹತ್ತಿರ. ದುಬಾರಿ ಬೆಲೆಯ ಸಾವಯವ ಅಂಗಡಿಗೇ ಎಲ್ಲರೂ ಹೋಗಬೇಕೆಂದಲ್ಲ. ಆಯಾ ಋತುವಿನ ತರಕಾರಿಯನ್ನು ಆರಿಸಿದರೆ ಅರ್ಧ ಕೆಲಸವಾದಂತೆ, ಏಕೆಂದರೆ ಕಾಲವಲ್ಲದ ಕಾಲದಲ್ಲಿ ಬೆಳೆಯುವುದಕ್ಕೇ ವಿಷ ಹೆಚ್ಚು ಬೇಕಾಗುತ್ತದೆ. ಆ ಲೆಕ್ಕದಲ್ಲಿ ನೋಡಿದರೆ ಚಾತುರ್ಮಾಸದ ನಿಯಮವೂ ಒಂದು ಕೃಷಿನೀತಿಯೇ.

ನೀರಿನ ಕಡೆಗೆ ಇನ್ನೊಮ್ಮೆ ತಿರುಗಬೇಕು. ಜೀವಗಳನ್ನು ಅದೇ ಬಾವಿಗೆ ಮರಳಿಸಬೇಕೆಂದರೆ ಪೇಟೆಯಲ್ಲಿ ಇಂದು ಬಾವಿಯೆಲ್ಲಿ? ಸುಲ್ತಾನ್‌ಪೇಟೆಯ ಮನೆಗೆ ಬರುವ ಕಾವೇರಿ ನೂರು ಕಿಲೋಮೀಟರಿನಷ್ಟು ದೂರದಿಂದ ಮೇಲಕ್ಕೆತ್ತಲ್ಪಟ್ಟು ಬಂದದ್ದು. ಒಂದು ಕಾಲಕ್ಕೆ ಪೇಟೆಗೆ ನೀರುಣಿಸಿದ ಧರ್ಮಾಂಬುಧಿ ಕೆರೆಯ ಮೇಲೆ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ತರಕಾರಿ ಕೊಳ್ಳಲು ಹೋಗುವ ಕೆ.ಆರ್. ಮಾರುಕಟ್ಟೆ ನಿಂತಿರುವುದು ಸಿದ್ದಿಕಟ್ಟೆಯೆಂಬ ಹಳೆಯ ಕೊಳದ ಜಾಗದಲ್ಲಿ. ಮೇಲೆ ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ಕೆರೆಕುಂಟೆಗಳನ್ನು ಬತ್ತಿಸುವ ಸರಃಶೋಷಣವೂ ಒಂದೆಂಬುದನ್ನು ಆ ಮಾರುಕಟ್ಟೆಯ ಮೆಟ್ಟಿಲಿಳಿಯುವಾಗ ನೆನೆಯುವವರು ವಿರಳ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಬೇಕಾಯಿತು. ದಂಡದ ಭಯವಿಲ್ಲದೆ ನೀರಿಗೆ ಮಿತಿ ಹಾಕಿಕೊಳ್ಳುವುದನ್ನು ಶ್ರಾವಕಾಚಾರಗಳು ಶತಮಾನಗಳ ಹಿಂದೆಯೇ ಕಲಿಸಿದ್ದವು. ತೊಳೆದ ನೀರನ್ನು ಮೋರಿಗೆ ಬಿಟ್ಟರೆ ಅದರಲ್ಲಿ ಇಳಿದ ಪುಟ್ಟ ಜೀವಗಳು ಮಾರ್ಜಕದ ನೊರೆಯಲ್ಲಿ ಸಾಯುತ್ತವೆ. ಬಾಲ್ಕನಿಯ ತುಳಸಿ ಕುಂಡಕ್ಕೋ ಬೀದಿಯ ಹೊಂಗೆಮರದ ಬುಡಕ್ಕೋ ಮೆಲ್ಲಗೆ ಹೊಯ್ದರೆ ಬಾವಿಯಿಲ್ಲದ ಊರಿನಲ್ಲಿ ಅಷ್ಟರಮಟ್ಟಿಗೆ ಹಳೆಯ ನಿಯಮ ನಡೆದಂತಾಗುತ್ತದೆ.

ಈ ಎಚ್ಚರವೆಲ್ಲ ಒಂದೆಡೆ ಸೇರುವುದು ಮುನಿಗಳ ಆಹಾರಕ್ಕಾಗಿ ಹಾಕುವ ಚೌಕದಲ್ಲಿ. ದಿಗಂಬರ ಮುನಿಗಳು ದಿನಕ್ಕೊಮ್ಮೆ ಮಾತ್ರ, ನಿಂತು, ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ತುತ್ತಿನಲ್ಲಿ ಸತ್ತ ಹುಳುವೋ ಒಂದು ಕೂದಲೋ ಕಂಡರೆ ಅಂತರಾಯವೆಂದು ಕೈಬಿಡುತ್ತಾರೆ; ಅಂದು ಮತ್ತೆ ನೀರನ್ನೂ ಮುಟ್ಟುವುದಿಲ್ಲ. ಆದುದರಿಂದ ಚೌಕದಲ್ಲಿ ಕುಳಿತ ಶ್ರಾವಿಕೆಯರು ದ್ರಾಕ್ಷಿಯನ್ನು ಗೊಂಚಲಿನಿಂದ ಒಂದೊಂದಾಗಿ ಬಿಡಿಸಿ, ತೊಟ್ಟಿನ ಕುಳಿಯನ್ನು ಬೆಳಕಿಗೆ ಹಿಡಿದು ನೋಡಿ, ಸೋಸಿದ ನೀರಿನಲ್ಲಿ ಅದ್ದಿ, ಸೀಳಿ, ಬೀಜ ತೆಗೆದು, ಮತ್ತೊಮ್ಮೆ ನೋಡಿ ಇಡುತ್ತಾರೆ. ಒಂದು ಹಣ್ಣಿನ ಅಲಕ್ಷ್ಯದಿಂದ ತಪಸ್ವಿಯೊಬ್ಬರು ಮರುದಿನದವರೆಗೆ ಉಪವಾಸವಿರಬೇಕಾದೀತು ಎಂಬ ಅರಿವಿನ ಮುಂದೆ ಯಾರೂ ಆತುರಪಡುವುದಿಲ್ಲ. ಅದೇ ಹಣ್ಣನ್ನು ಹಿಂದಿನ ದಿನ ಮಾರುಕಟ್ಟೆಯಲ್ಲಿ ಕೊಳ್ಳುವಾಗ, ಕೊಯ್ಲಿಗೆ ಎಷ್ಟು ದಿನ ಮುಂಚೆ ಔಷಧ ಹೊಡೆದದ್ದು ಎಂದು ಕೇಳುವ ರೂಢಿ ಮಾತ್ರ ಇನ್ನೂ ಬಂದಿಲ್ಲ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂದು ಕೀಟನಾಶಕದ ಡಬ್ಬಿಯ ಮೇಲೆಯೇ ನಮೂದಾಗಿರುತ್ತದೆ. ವ್ಯಾಪಾರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ನಾಲ್ಕು ಜನ ಶ್ರಾವಕಿಯರು ವಾರವಾರವೂ ಕೇಳತೊಡಗಿದರೆ ಅವನು ತನಗೆ ಹಣ್ಣು ಕಳಿಸುವ ತೋಟದವನನ್ನು ಕೇಳಿಯಾನು.